ಶೆಮ್ಸಾಳ ಎರಡು ಹೆರಿಗೆ

"ನೀನೇನು ಬೆಕ್ಕೇನೇ?" ಎಂದು ಕೇಳಿದಳು ಸ್ಲಾವಿಂಕಾ.

ಸ್ಲಾವಿಂಕಾ ಜನನ ಮರಣ ನೋಂದಣಿ ಕಚೇರಿಯ ಗುಮಾಸ್ತೆ. ಗಾಜಿನ ಆಚೆ ಕೂತಿದ್ದಳು. ಗಾಜಿನ ಈಚೆ ಮೂವರು ನಿಂತಿದ್ದರು. ಮುಂದೆ ಶೆಮ್ಸಾ. ಅವಳ ಪಕ್ಕದಲ್ಲಿ ಹದಿನೇಳು ವರ್ಷದ ಸೆನಾದಾ, ಹಸಿರು ಫೈಲನ್ನು ಎದೆಗೆ ಅವುಚಿಕೊಂಡು. ಎರಡು ಹೆಜ್ಜೆ ಹಿಂದೆ ಗುಲಿಜಾರ. ಗುಲಿಜಾರ ಕಚೇರಿಗಳಲ್ಲಿ ಯಾವಾಗಲೂ ಎರಡು ಹೆಜ್ಜೆ ಹಿಂದೆ ನಿಲ್ಲುತ್ತಿದ್ದಳು. ಅವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

"ಮಾರ್ಚ್ ಹನ್ನೊಂದಕ್ಕೆ ಈ ಊರಿನ ಆಸ್ಪತ್ರೆಯಲ್ಲಿ ಹೆಣ್ಣು ಹೆತ್ತಿದ್ದೀಯ. ಜುಲೈ ಇಪ್ಪತ್ತಾರಕ್ಕೆ ಆಚೆ ಊರಿನ ಆಸ್ಪತ್ರೆಯಲ್ಲಿ ಗಂಡು ಹೆತ್ತಿದ್ದೀಯ. ಎರಡೂ ಅದೇ ವರ್ಷ. ನಾಲ್ಕೂವರೆ ತಿಂಗಳಲ್ಲಿ ಎರಡು ಹೆರಿಗೆ!" ಸ್ಲಾವಿಂಕಾ ಕಂಪ್ಯೂಟರಿನ ಪರದೆಯನ್ನು ಅವರ ಕಡೆ ತಿರುಗಿಸಿದಳು. ಶೆಮ್ಸಾಳ ಹೆಸರಿನ ಸುತ್ತ ಕೆಂಪು ಗೆರೆ ಇತ್ತು. "ನೋಡು. ಮೆಷಿನ್ನಿಗೇ ನಾಚಿಕೆಯಾಗಿ ಕೆಂಪಾಗಿದೆ."

ಸಾಲಿನಲ್ಲಿ ನಿಂತಿದ್ದವರು ನಕ್ಕರು. ಒಬ್ಬ ಮುದುಕ ಕೈಯಲ್ಲಿದ್ದ ಮರಣಪತ್ರ ಮಡಚಿಕೊಂಡು ನಕ್ಕ. ಶೆಮ್ಸಾಳೂ ನಕ್ಕಳು. ಅಂಥ ಕಡೆ ನಗದಿದ್ದರೆ ಇನ್ನೂ ಹೆಚ್ಚು ಬೈಸಿಕೊಳ್ಳಬೇಕಾಗುತ್ತದೆ ಎಂಬುದು ಅವಳಿಗೆ ಚಿಕ್ಕಂದಿನಿಂದ ಗೊತ್ತು.

ಗುಲಿಜಾರ ನಗಲಿಲ್ಲ. ಮಾರ್ಚ್ ಹನ್ನೊಂದರ ಹೆರಿಗೆ ಅವಳದು.

ಅದು ಹೀಗಾಯಿತು. ಯುದ್ಧದ ವರ್ಷ ಗುಲಿಜಾರ ಹನ್ನೊಂದು ವರ್ಷದ ಹುಡುಗಿ. ಕೊಸೊವೊದಿಂದ ಟ್ರ್ಯಾಕ್ಟರಿನ ಗಾಡಿಯಲ್ಲಿ, ಒಂದು ಹಾಸಿಗೆ ಸುರುಳಿಯ ಮೇಲೆ ಕೂತು ಸರ್ಬಿಯಾದ ಈ ಊರಿಗೆ ಬಂದಳು. ಅವಳ ತಾಯಿ ಅವಳನ್ನು ಮನೆಯಲ್ಲೇ ಹೆತ್ತಿದ್ದಳು. ಯಾರೂ ಬರೆಸಿರಲಿಲ್ಲ. ದೊಡ್ಡವಳಾದ ಮೇಲೆ ಬರೆಸಲು ಹೋದರೆ ಒಂದು ಕಚೇರಿ, ನಿಮ್ಮೂರಿನ ದಾಖಲೆ ಸುಟ್ಟುಹೋಗಿದೆ ಎಂದಿತು. ಇನ್ನೊಂದು ಕಚೇರಿ, ಸುಟ್ಟಿಲ್ಲ, ಇಲ್ಲೇ ಇದೆ, ಆದರೆ ಅದರಲ್ಲಿ ನೀನಿಲ್ಲ ಎಂದಿತು. ಕೋರ್ಟು, ನೀನು ಹುಟ್ಟಿದ್ದನ್ನು ಕಣ್ಣಾರೆ ಕಂಡ ಇಬ್ಬರನ್ನು ಕರೆದು ತಾ ಎಂದಿತು. ಕಂಡವರು ಇಬ್ಬರೇ. ಇಬ್ಬರೂ ಮಣ್ಣಾಗಿದ್ದರು. ಮಗಳು ಹುಟ್ಟುವ ಮೊದಲೂ ಆಮೇಲೂ ಸೇರಿ ಹನ್ನೊಂದು ವರ್ಷ ಅಲೆದಳು. ಗುರುತಿನ ಚೀಟಿ ಸಿಗಲಿಲ್ಲ.

ಬಸುರಿಯಾಗಿ ನೋವು ಹತ್ತಿದಾಗ ಆಸ್ಪತ್ರೆಯವರು ಸರ್ಕಾರಿ ವಿಮೆಯ ಆರೋಗ್ಯ ಪುಸ್ತಕ ಕೇಳುತ್ತಾರೆ. ಗುರುತಿನ ಚೀಟಿ ಇಲ್ಲದವರಿಗೆ ಆ ಪುಸ್ತಕ ಇಲ್ಲ. ಆಗ ಊರಿನವರು ದೂರವಿಟ್ಟ ಇವರ ರೋಮಾ ಜನದ ಮೊಹಲ್ಲಾದಲ್ಲಿ ಪಕ್ಕದ ಮನೆಗೆ ಕೆಂಡ ಕೊಟ್ಟ ಹಾಗೆ ಆರೋಗ್ಯ ಪುಸ್ತಕ ಕೊಡುತ್ತಿದ್ದರು. ಪುಸ್ತಕದ ಮೇಲೆ ಫೋಟೋ ಇರುತ್ತಿರಲಿಲ್ಲ. ದಾದಿಯರಿಗೂ ಎಲ್ಲ ರೋಮಾ ಹೆಂಗಸರ ಮುಖ ಒಂದೇ. ಗುಲಿಜಾರಳ ಗಂಡನ ಅಣ್ಣನ ಹೆಂಡತಿ ಶೆಮ್ಸಾ. ಓರಗಿತ್ತಿ ನೋವು ತಿನ್ನುವುದನ್ನು ನೋಡಿ, ಒಂದು ಮಾತೂ ಆಡದೆ ದಿಂಬಿನ ಕೆಳಗಿನಿಂದ ಪುಸ್ತಕ ತೆಗೆದುಕೊಟ್ಟಳು. ಮಗು ಹುಟ್ಟಿತು. ತಾಯಿಯ ಹೆಸರು: ಶೆಮ್ಸಾ. ತಂದೆಯ ಕಡೆ ಒಂದು ಗೆರೆ.

ಶೆಮ್ಸಾ ಆಗ ತಾನೂ ಬಸುರಿ. ಅವಳ ದಿನ ತುಂಬಿದಾಗ ಇದೇ ಆಸ್ಪತ್ರೆಗೆ ಹೋಗಲು ಹೆದರಿಕೆ. ಅದೇ ಪುಸ್ತಕ, ಅದೇ ದಾದಿಯರು. ನಲವತ್ತು ಕಿಲೋಮೀಟರು ಆಚೆಯ ಊರಿಗೆ ಬಸ್ಸು ಹತ್ತಿದಳು. ಜುಲೈ ಬಿಸಿಲು. ಬಸ್ಸಿನಲ್ಲಿ ಸೀಟಿನ ಕಂಬಿ ಕಚ್ಚಿ ಹಿಡಿದಳು. ಆಸ್ಪತ್ರೆಯ ಮೆಟ್ಟಿಲ ಮೇಲೆ ಅರ್ಧ ಹೆತ್ತು, ಒಳಗೆ ಇನ್ನರ್ಧ ಹೆತ್ತಳು. ಆ ಮಗು ಎರ್ಜಾನ್. ಎರಡು ಊರು, ಎರಡು ದಾಖಲೆ ಪುಸ್ತಕ. ಹದಿನೇಳು ವರ್ಷ ಒಂದಕ್ಕೊಂದು ಭೇಟಿಯಾಗಲಿಲ್ಲ. ಈಗ ಸರ್ಕಾರ ಎಲ್ಲ ಪುಸ್ತಕಗಳನ್ನೂ ಒಂದೇ ಮೆಷಿನ್ನಿಗೆ ತುಂಬಿತ್ತು.

ಸೆನಾದಾಳಿಗೆ ಉತ್ತರದ ಒಂದು ದೇಶದ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಲು ಸೀಟು ಸಿಕ್ಕಿತ್ತು. ಫೀಸು, ಊಟ, ವಸತಿ ಎಲ್ಲ ಒಂದು ಸಂಸ್ಥೆಯದು. ಹದಿಮೂರನೇ ತಾರೀಕು ಶುಕ್ರವಾರ ಬೆಲ್‌ಗ್ರೇಡಿನ ರಾಯಭಾರ ಕಚೇರಿಯಲ್ಲಿ ವೀಸಾ ಅರ್ಜಿ ಕೊಡುವ ದಿನ. ಆ ದಿನ ಸಿಗಲು ಐದು ತಿಂಗಳು ಕಾದಿದ್ದಳು. ತಪ್ಪಿದರೆ ಮತ್ತೆ ಫೆಬ್ರವರಿ. ಸೀಟೂ ಹೋಯಿತು, ಸಂಸ್ಥೆಯೂ ಹೋಯಿತು. ಹಸಿರು ಫೈಲಿನಲ್ಲಿ ಎಲ್ಲ ಇತ್ತು, ಎರಡು ಕಾಗದ ಬಿಟ್ಟು. ಒಂದು, ಹೊಸ ನಮೂನೆಯ ಜನನ ಪತ್ರ. ಇನ್ನೊಂದು, ಹದಿನೆಂಟು ತುಂಬದ ಕಾರಣ ತಾಯಿ ನೋಟರಿಯ ಮುಂದೆ ಮಾಡಿಕೊಡಬೇಕಾದ ಒಪ್ಪಿಗೆ. ಮೊದಲನೆಯದು ಸಿಕ್ಕರೆ ಎರಡನೆಯದು ಸಿಗುತ್ತಿತ್ತು. ಅವತ್ತು ಐದನೇ ತಾರೀಕು, ಗುರುವಾರ.

ಸ್ಲಾವಿಂಕಾ ದಡ್ಡಿಯಲ್ಲ. ಗಾಜಿನ ಮೂಲಕ ಹಿಂದೆ ನಿಂತಿದ್ದ ಗುಲಿಜಾರಳನ್ನು ನೋಡಿದಳು. ಹುಡುಗಿಯ ಗದ್ದ ನೋಡಿದಳು. ಮತ್ತೆ ಗುಲಿಜಾರಳ ಗದ್ದ ನೋಡಿದಳು.

"ಹೂಂ" ಎಂದಳು. "ಇದು ಪೊಲೀಸಿನವರಿಗೆ ಹೋಗೋ ಕೇಸು. ಗೊತ್ತಲ್ವಾ?"

"ಮೇಡಂ, ಮಗೀನ ಓದು..." ಎಂದಳು ಶೆಮ್ಸಾ.

"ಓದು, ಓದು. ಎಲ್ಲಾರೂ ಓದೋರೇ." ಸ್ಲಾವಿಂಕಾ ಗಾಜಿನ ತೂತಿಗೆ ಬಾಯಿ ಹತ್ತಿರ ತಂದಳು. ದನಿ ಇಳಿಯಿತು. "ಶನಿವಾರ ಏನು ಕೆಲಸ ನಿಮಗೆ? ನಮ್ಮನೇಲಿ ಎಂಬತ್ತು ಕಿಲೋ ಮೆಣಸಿನಕಾಯಿ ಬಂದಿದೆ. ಮೂರೂ ಜನ ಬನ್ನಿ. ಆಮೇಲೆ ನೋಡೋಣ."

ಸೆಪ್ಟೆಂಬರಿನಲ್ಲಿ ಆ ಊರಿನ ಎಲ್ಲ ಅಂಗಳಗಳಲ್ಲೂ ದಪ್ಪ ಕೆಂಪು ಮೆಣಸಿನಕಾಯಿ ಸುಡುತ್ತಾರೆ. ಸುಟ್ಟು, ಚೀಲದಲ್ಲಿ ಬೆವರಿಸಿ, ಸಿಪ್ಪೆ ಬಿಡಿಸಿ, ಅರೆದು, ಎಣ್ಣೆಯಲ್ಲಿ ಬಾಡಿಸಿ ಚಳಿಗಾಲಕ್ಕೆ ಬಾಟಲಿ ತುಂಬುತ್ತಾರೆ. ತಿನ್ನುವವರು ಎಲ್ಲರೂ. ಸಿಪ್ಪೆ ಬಿಡಿಸುವವರು ಮೊಹಲ್ಲಾದ ಹೆಂಗಸರು.

ಗುಲಿಜಾರಳ ದಿನದ ಕೆಲಸ ಜಮಖಾನೆ ತೊಳೆಯುವುದು. ಮೊಣಕಾಲಿಗೆ ಟೈರಿನ ತುಂಡು ಕಟ್ಟಿಕೊಂಡು, ಸಿಮೆಂಟಿನ ಮೇಲೆ ಹಾಸಿದ ಜಮಖಾನೆಯನ್ನು ಬ್ರಷ್ಷಿನಿಂದ ಉಜ್ಜಬೇಕು. ಒದ್ದೆ ಜಮಖಾನೆ ಸತ್ತ ಎಮ್ಮೆಕರುವಿನಷ್ಟು ಭಾರ. ಶನಿವಾರ ಆ ಕೆಲಸ ಬಿಟ್ಟು ಮೂವರೂ ಸ್ಲಾವಿಂಕಾಳ ಅಂಗಳದಲ್ಲಿ ಕೂತರು. ಸ್ಲಾವಿಂಕಾಳ ಅತ್ತೆ ಕುರ್ಚಿ ಹಾಕಿಕೊಂಡು ಎದುರಿಗೆ ಕೂತಳು.

"ನೀರಲ್ಲಿ ಅದ್ದಬೇಡಿ. ರುಚಿ ಹೋಗತ್ತೆ. ಬಿಸಿ ಇದ್ದಾಗಲೇ ಬಿಡಿಸಿ" ಎಂದಳು ಅತ್ತೆ.

ಬಿಡಿಸಿದರು. ಬಿಸಿ ಸಿಪ್ಪೆ ಉಗುರಿನ ಸಂದಿಗೆ ಹೋಯಿತು. ನಡುನಡುವೆ ಖಾರದ ಕಾಯಿಗಳಿದ್ದವು. ಗುಲಿಜಾರಳ ಕೈ ಮೊದಲೇ ಸೋಡಾ ಪುಡಿಯಿಂದ ಒಡೆದಿತ್ತು. ಒಡಕಿನೊಳಗೆ ಖಾರ ಇಳಿಯಿತು. ಮಧ್ಯಾಹ್ನದ ಹೊತ್ತಿಗೆ ಸೆನಾದಾಳ ಬೆರಳುಗಳು ಊದಿದವು.

"ಅಜ್ಜಿ, ಒಂಚೂರು ಎಣ್ಣೆ ಕೊಡ್ತೀರಾ? ಈ ಖಾರ ನೀರಿಗೆ ಬಿಡಲ್ಲ, ಎಣ್ಣೆಗೆ ಬಿಡತ್ತೆ" ಎಂದಳು ಸೆನಾದಾ.

"ಎಣ್ಣೆ ಮೆಣಸಿನಕಾಯಿಗೆ ತಂದಿರೋದು. ಸಿಗಾನ್‌ಗಳ ಕೈಗಲ್ಲ" ಎಂದಳು ಅತ್ತೆ. ಸಿಗಾನ್ ಎಂದರೆ ರೋಮಾ ಜನ. ಊರಿನವರು ಉಗಿಯಬೇಕಾದಾಗ ಬಳಸುವ ಹೆಸರು.

"ಓಹೋ, ನಮ್ಮ ಪಂಡಿತೆಗೆ ಉರೀತಂತೆ" ಎಂದು ಶೆಮ್ಸಾ ನಗಿಸಲು ನೋಡಿದಳು. "ಆ ದೇಶದಲ್ಲಿ ಮೆಣಸಿನಕಾಯಿನೇ ಇಲ್ವಂತೆ ಕಣೇ. ಅಲ್ಲಿ ಎಲ್ಲಾ ಬೇಯಿಸಿದ ಆಲೂಗಡ್ಡೆ ತಿಂತಾರಂತೆ. ಆಮೇಲೆ ಅತ್ಕೊಂಡು ಕಾಗ್ದ ಬರೀತೀಯ, ದೊಡ್ಡವ್ವಾ, ಒಂದು ಬಾಟ್ಲಿ ಕಳ್ಸು ಅಂತ."

"ಕಳಿಸ್ತೀಯಾ?"

"ನಿಂಗೆ ಕಳಿಸ್ದೆ ಇನ್ಯಾರಿಗೆ ಕಳಿಸ್ಲಿ? ನಾನೇ ಅಲ್ವಾ ನಿನ್ನ ಹೆತ್ತೋಳು, ಸರ್ಕಾರದ ಲೆಕ್ಕದಲ್ಲಿ!"

ಮೂವರೂ ನಕ್ಕರು. ಗುಲಿಜಾರಳ ನಗು ಮೊದಲು ನಿಂತಿತು.

ಊಟವನ್ನು ಮೆಟ್ಟಿಲ ಮೇಲೆ ಇಟ್ಟರು. ನಿನ್ನೆಯ ಹುರುಳಿಕಾಯಿ, ಬ್ರೆಡ್ಡು. ನೀರು ಪ್ಲಾಸ್ಟಿಕ್ ಲೋಟದಲ್ಲಿ. ಕುಡಿದ ಮೇಲೆ ಅತ್ತೆ ಲೋಟಗಳನ್ನು ಕಡ್ಡಿಯಿಂದ ಎತ್ತಿ ಕಸದ ಬುಟ್ಟಿಗೆ ಹಾಕಿದಳು. ಭಾನುವಾರವೂ ಬಂದರು. ಭಾನುವಾರ ಸಂಜೆ ಆರಕ್ಕೆ ಕೊನೆಯ ಬಾಟಲಿಗೆ ಮುಚ್ಚಳ ಬಿತ್ತು. ಆಗ ಸ್ಲಾವಿಂಕಾ ಕೈ ಒರೆಸಿಕೊಳ್ಳುತ್ತಾ ಬಂದಳು.

"ನೋಡಿ, ನಾನು ಕೆಟ್ಟೋಳಲ್ಲ. ಮೆಷಿನ್ನಿಗೆ ಎರಡರಲ್ಲಿ ಒಂದು ಬೇಕು. ಎರಡೂ ಇದ್ರೆ ಎರಡಕ್ಕೂ ಬೀಗ. ಶೆಮ್ಸಾ ಒಂದು ಹೇಳಿಕೆ ಬರಕೊಟ್ರೆ ಆಯ್ತು. ‘ಜುಲೈನಲ್ಲಿ ಹುಟ್ಟಿದ ಗಂಡು ನನ್ನದಲ್ಲ, ತಪ್ಪಾಗಿ ನನ್ನ ಹೆಸರಿಗೆ ಬಿದ್ದಿದೆ’ ಅಂತ. ಅವನ ಹೆಸರು ಹೊಡೆದು ಹಾಕ್ತೀನಿ. ಹುಡುಗೀದು ಅವತ್ತೇ ಬಿಡುಗಡೆ. ಮಧ್ಯಾಹ್ನ ನೋಟರಿ, ಶುಕ್ರವಾರ ಬೆಲ್‌ಗ್ರೇಡ್."

"ಎರ್ಜಾನ?" ಎಂದಳು ಗುಲಿಜಾರ. ಎರಡು ದಿನದಲ್ಲಿ ಅವಳು ಸ್ಲಾವಿಂಕಾಳಿಗೆ ಆಡಿದ ಮೊದಲ ಮಾತು.

"ಅವನು ಆಮೇಲೆ ಕೋರ್ಟಿಗೆ ಹಾಕ್ಕೊಳ್ಳಲಿ. ಅವನಿಗೇನು ಅವಸರ? ಅವನು ಯಾವ ದೇಶಕ್ಕೆ ಹೋಗಬೇಕು?"

"ನಿಜ ಹೇಳಿದ್ರೆ?"

ಸ್ಲಾವಿಂಕಾ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ನಿಜ ಹೇಳಿದ್ರೆ ಹುಡುಗಿಗೆ ತಾಯೀನೇ ಇಲ್ಲ. ನೀನು ಯಾರು? ನೀನಿದ್ದೀಯಾ? ಹುಡುಗೀ ಹೆಸರಿಗೇ ಬೀಗ. ನಿಮ್ಮಿಬ್ರ ಮೇಲೂ ಸುಳ್ಳು ದಾಖಲೆ ಕೇಸು. ಯೋಚನೆ ಮಾಡಿ."

ಸೋಮವಾರ ಬೆಳಿಗ್ಗೆ ಜಮಖಾನೆ ಅಂಗಳದಲ್ಲಿ ಎರ್ಜಾನನಿಗೆ ಹೇಳಿದರು. ಅವನು ಆರು ಗಂಟೆಯಿಂದ ಒದ್ದೆ ಸುರುಳಿಗಳನ್ನು ಹೆಗಲ ಮೇಲೆ ಹೊತ್ತು ಕಂಬಿಗೆ ಏರಿಸುತ್ತಿದ್ದ. ಅಂಗಿ ಬೆನ್ನಿಗೆ ಅಂಟಿತ್ತು. ನಿಂತು ಪೂರ್ತಿ ಕೇಳಿಸಿಕೊಂಡ.

"ಹೊಡ್ದಾಕಿ" ಎಂದ. "ಜಮಖಾನೆ ಹೊರೋಕೆ ಹೆಸ್ರು ಬೇಕಾ? ‘ಲೋ’ ಅಂತಾರೆ, ನಾನು ಹೋಗ್ತೀನಿ. ಅಷ್ಟೇ."

"ನಿಂಗೆ ಲೈಸೆನ್ಸ್ ಮಾಡಿಸ್ಬೇಕು, ಟ್ರಕ್ ಓಡಿಸ್ಬೇಕು ಅಂತ ಆಸೆ ಇತ್ತಲ್ಲೋ" ಎಂದಳು ಗುಲಿಜಾರ.

"ಇತ್ತು, ಚಿಕ್ಕವ್ವ." ಅವನು ಇನ್ನೊಂದು ಸುರುಳಿಗೆ ಬಗ್ಗಿದ. "ಸೆನಾದಾ ಹೋಗ್ಲಿ. ನಮ್ಮಲ್ಲಿ ಒಬ್ಬರಾದ್ರೂ ಇಲ್ಲಿಂದ ಹೋಗ್ಲಿ."

ಸೆನಾದಾ ಬೇಡ ಎನ್ನಲಿಲ್ಲ. ಫೈಲಿನ ದಾರವನ್ನು ಬೆರಳಿಗೆ ಸುತ್ತಿಕೊಂಡು, ನೆಲ ನೋಡುತ್ತಾ ನಿಂತಳು. ಗುಲಿಜಾರ ಮಗಳ ಆ ಮೌನವನ್ನು ಕಂಡಳು. ಅವಳಿಗೆ ಕೋಪ ಬಂತು. ಮಗಳ ಮೇಲಲ್ಲ. ಹದಿನೇಳು ವರ್ಷದ ಹುಡುಗಿಯನ್ನು ಇಂಥ ಜಾಗಕ್ಕೆ ತಂದು ನಿಲ್ಲಿಸಿದವರ ಮೇಲೆ. ಒಂದೇ ತಟ್ಟೆಯಲ್ಲಿ ಉಂಡ ಇಬ್ಬರು ಮಕ್ಕಳು. ಒಬ್ಬರಿಗೆ ಹೆಸರು ಬೇಕಾದರೆ ಇನ್ನೊಬ್ಬರ ಹೆಸರು ಅಳಿಸಬೇಕು. ಯಾರು ಮಾಡಿದ ಲೆಕ್ಕ ಇದು? ಮೊಹಲ್ಲಾ ಮಾಡಿದ್ದಲ್ಲ. ಮೊಹಲ್ಲಾ ಒಂದೇ ಪುಸ್ತಕದಲ್ಲಿ ಇಬ್ಬರನ್ನು ಬದುಕಿಸಿತ್ತು.

ಕಚೇರಿಯಲ್ಲಿ ಹೇಳಿಕೆ ಸಿದ್ಧವಾಗಿತ್ತು. ಸ್ಲಾವಿಂಕಾ ಟೈಪು ಮಾಡಿಯೇ ಇಟ್ಟಿದ್ದಳು. ಗಾಜಿನ ಕೆಳಗಿನ ಸಂದಿಯಿಂದ ಕಾಗದ ಈಚೆ ತಳ್ಳಿದಳು. ಮೇಲೆ ಪೆನ್ನು ಇಟ್ಟಳು.

"ಇಲ್ಲಿ. ಗೆರೆ ಮೇಲೆ."

ಶೆಮ್ಸಾ ಪೆನ್ನು ಹಿಡಿದಳು. ಅವಳಿಗೆ ಸಹಿ ಒಂದೇ ಬರುವುದು. ಬೆರಳು ಊದಿ ಪೆನ್ನು ನಿಲ್ಲಲಿಲ್ಲ. ಎರಡು ಸಲ ಜಾರಿತು.

"ಬೇಗ" ಎಂದಳು ಸ್ಲಾವಿಂಕಾ. "ಸಾಲಿದೆ."

ಶೆಮ್ಸಾ ಬಾಗಿದಳು. ಅವಳ ಮೂಗಿನ ತುದಿಯಿಂದ ಒಂದು ಹನಿ ಕಾಗದದ ಮೇಲೆ ಬಿತ್ತು. "ಬಸ್ಸಲ್ಲಿ ಕಂಬಿ ಕಚ್ಚಿದ್ದೆ ಕಣೇ" ಎಂದಳು, ಯಾರಿಗೂ ಅಲ್ಲ. "ಹಲ್ಲು ಅಲ್ಲಾಡಿತ್ತು. ಈಗ ನನ್ನದಲ್ಲ ಅಂತ ಬರೀಬೇಕು."

ಗುಲಿಜಾರ ಎರಡು ಹೆಜ್ಜೆ ಮುಂದೆ ಬಂದಳು. ಕಾಗದದ ಮೇಲೆ ಅಂಗೈ ಇಟ್ಟಳು.

"ಬ್ಯಾಡ, ಅಕ್ಕ."

"ಬುಡು, ಗುಲಿ. ಮಗೀಗೆ..."

"ಬ್ಯಾಡ ಅಂದೆ."

"ಅವ್ವಾ" ಎಂದಳು ಸೆನಾದಾ. ಆ ಕಚೇರಿಯಲ್ಲಿ ಗುಲಿಜಾರಳನ್ನು ಹಾಗೆ ಕರೆಯಬಾರದು ಎಂದು ಅವಳಿಗೆ ಐದು ವರ್ಷದವಳಿದ್ದಾಗಲೇ ಕಲಿಸಿದ್ದರು. ಹೆದರಿಕೆಯಲ್ಲಿ ಮರೆತಳು. "ಅವ್ವಾ, ಶುಕ್ರವಾರಕ್ಕೆ ನಾಲ್ಕೇ ದಿನ. ಮತ್ತೆ ದಿನ ಕೊಡಲ್ಲ ಅವ್ರು. ಎರ್ಜಾನ್ ತಾನೇ ಹೂಂ ಅಂದ. ಅವನೇ ಅಂದ, ಅವ್ವಾ!"

"ಅವನು ಹೂಂ ಅಂತಾನೆ. ಹುಟ್ಟಿದಾಗಿಂದ ಅವನಿಗೆ ಅದೊಂದೇ ಕಲಿಸಿರೋದು." ಗುಲಿಜಾರ ಮಗಳ ಕಡೆ ತಿರುಗಿದಳು. "ನೀನು ಹೋಗ್ಬೇಕು. ನಂಗೂ ಆಸೆ. ನಾನು ಇಪ್ಪತ್ತು ವರ್ಷ ಮಂಡಿ ಮೇಲೆ ಇದ್ದದ್ದು ಅದಕ್ಕೇ. ಆದ್ರೆ ಆ ಹುಡುಗನ ಎದೆ ಮೇಲೆ ಕಾಲಿಟ್ಟು ನಿನ್ನ ಹತ್ತಿಸಲ್ಲ. ಹತ್ತಿದ್ರೂ ಆಮೇಲೆ ನಿಂಗೆ ಒಂದು ತುತ್ತು ಇಳಿಯಲ್ಲ. ನಿನ್ನ ನಾನು ಹೆತ್ತಿದೀನಿ, ನಂಗೊತ್ತು."

ಸೆನಾದಾ ಫೈಲಿನಲ್ಲಿ ಮುಖ ಮುಚ್ಚಿಕೊಂಡಳು.

ಗುಲಿಜಾರ ಕಾಗದವನ್ನು ಸಂದಿಯಿಂದ ಆಚೆ ತಳ್ಳಿದಳು. "ಮೇಡಂ, ಈ ಹುಡುಗೀನ ಹೆತ್ತೋಳು ನಾನು. ಆ ಹುಡುಗನ್ನ ಹೆತ್ತೋಳು ಇವಳು. ಹಂಗೇ ಬರ್ಕೊಳ್ಳಿ."

"ನಿನ್ನ ಹೇಳಿಕೆ ನಾನು ಬರ್ಕೊಳ್ಳೋಕಾಗಲ್ಲ. ಗುರುತಿನ ಚೀಟಿ ನಂಬರ್ ಹಾಕದೆ ಮೆಷಿನ್ ಮುಂದೆ ಹೋಗಲ್ಲ."

"ಕೈಯಲ್ಲಿ ಬರೀರಿ."

"ಹೋಗೇ ಆಚೆ. ಮುಂದಿನವರು!"

ಮುಂದಿನವರು ಬರಲಿಲ್ಲ. ಗುಲಿಜಾರ ಜಾಗ ಬಿಡಲಿಲ್ಲ. ಹಿಂದಿನಿಂದ ಯಾರೋ, "ಇವರದ್ದು ಯಾವಾಗಲೂ ಇದೇ ರಗಳೆ" ಎಂದರು. ಸ್ಲಾವಿಂಕಾ ಫೋನೆತ್ತಿದಳು. ಎದುರು ರಸ್ತೆಯ ಠಾಣೆಯಿಂದ ಒಬ್ಬ ಎಳೆಯ ಪೊಲೀಸಿನವನು ಬಂದ. ಬಾಯಲ್ಲಿ ಇನ್ನೂ ತಿಂಡಿ ಇತ್ತು.

"ಏನಮ್ಮಾ? ನಡಿ, ನಡಿ. ಮನೆಗೆ ನಡಿ."

"ನನ್ನ ಮೇಲೆ ಕೇಸು ಬರ್ಕೋ ತಮ್ಮ. ಸುಳ್ಳು ಪುಸ್ತಕದಲ್ಲಿ ಮಗು ಹೆತ್ತಿದೀನಿ."

ಅವನು ಸ್ಲಾವಿಂಕಾಳ ಮುಖ ನೋಡಿದ. ಸ್ಲಾವಿಂಕಾ ತಲೆಯಾಡಿಸಿದಳು. "ಬರೀಬೇಡ. ಬರೆದ್ರೆ ಆಯೋಗ, ವಿಚಾರಣೆ, ನಾನು ಓಡಾಡಬೇಕು. ಸುಮ್ನೆ ಆಚೆ ಹಾಕು."

"ಕೇಳಿದ್ಯಲ್ಲ? ಏನೂ ಬರೆಯೋ ಹಾಗಿಲ್ಲ. ನಡಿ" ಎಂದು ಪೊಲೀಸಿನವನು ಅವಳ ತೋಳು ಹಿಡಿದ.

ಗುಲಿಜಾರಳಿಗೆ ಆಗ ಎಲ್ಲವೂ ತಿಳಿಯಿತು. ಹುಟ್ಟಿದೆ ಎಂದರೆ ಇವರು ಬರೆಯುವುದಿಲ್ಲ. ಹೆತ್ತೆ ಎಂದರೆ ಬರೆಯುವುದಿಲ್ಲ. ತಪ್ಪು ಮಾಡಿದೆ, ಜೈಲಿಗೆ ಹಾಕಿ ಎಂದರೂ ಬರೆಯುವುದಿಲ್ಲ. ಮೂವತ್ತಾರು ವರ್ಷದ ಮೈ ಅವರ ಮುಂದೆ ನಿಂತಿದೆ. ಇವರಿಗೆ ಅದು ಗುಡಿಸಿ ಆಚೆ ಹಾಕುವ ಕಸ.

ಅವಳು ತೋಳು ಕೊಡವಿದಳು. ಒದ್ದೆ ಜಮಖಾನೆ ಹಿಂಡಿ ಹಿಂಡಿ ಗಟ್ಟಿಯಾದ ತೋಳು. ಪೊಲೀಸಿನವನು ಗೋಡೆಗೆ ಹೋಗಿ ತಾಗಿದ. ಗುಲಿಜಾರ ಮೊಣಕೈ ಎತ್ತಿ ಕೌಂಟರಿನ ಗಾಜಿಗೆ ಬೀಸಿದಳು. ಒಂದೇ ಏಟು. ಗಾಜು ಸ್ಲಾವಿಂಕಾಳ ಮೇಜಿನ ಮೇಲೆ, ಮಡಿಲಲ್ಲಿ, ಕಾಗದದ ಮೇಲೆ ಬಿತ್ತು.

ಸಾಲು ಗೋಡೆಗೆ ಒತ್ತಿಕೊಂಡಿತು. ಸ್ಲಾವಿಂಕಾಳಿಗೆ ಗೀರೂ ಆಗಿರಲಿಲ್ಲ. ಅವಳು ಬಾಯಿ ತೆರೆದು ಕೂತಿದ್ದಳು. ಅವಳ ಮತ್ತು ಗುಲಿಜಾರಳ ನಡುವೆ ಈಗ ಏನೂ ಇರಲಿಲ್ಲ. ಗುಲಿಜಾರಳ ಮೊಣಕೈಯಿಂದ ರಕ್ತ ಕೌಂಟರಿನ ಹಲಗೆಗೆ ಇಳಿಯಿತು.

"ಸರ್ಕಾರಿ ಆಸ್ತಿ!" ಎಂದು ಕಿರುಚಿದಳು ಸ್ಲಾವಿಂಕಾ. "ಬರ್ಕೋ! ಬರ್ಕೋ ಇವಳ ಮೇಲೆ!"

"ಹೂಂ. ಬರ್ಕೋ" ಎಂದಳು ಗುಲಿಜಾರ. "ಅದಕ್ಕೇ ಒಡೆದೆ."

ಪೊಲೀಸಿನವನು ಜೇಬಿನಿಂದ ನಮೂನೆಯ ಕಾಗದ ತೆಗೆದ. ಕೆಳಗೆ ಎರಡು ಕಾರ್ಬನ್ ಹಾಳೆ ಇದ್ದವು. "ಹೆಸರು?"

"ಗುಲಿಜಾರ. ತಂದೆ ಇಸ್ಮೆತ್. ತಾಯಿ ಫೆರಿದಾ."

"ಗುರುತಿನ ಚೀಟಿ?"

"ಇಲ್ಲ. ಇಲ್ಲ ಅಂತ ಬರಿ."

ಅವನು ಬರೆದ. "ಇಲ್ಲಿಗೆ ಯಾಕೆ ಬಂದಿದ್ದೆ?"

"ಮಗಳ ಜನನ ಪತ್ರಕ್ಕೆ. ಇಗೋ ಇವಳು. ಸೆನಾದಾ. ಮಾರ್ಚ್ ಹನ್ನೊಂದಕ್ಕೆ ಹೆತ್ತೆ."

"ಅದನ್ನ ಬರೀಬೇಡ!" ಎಂದಳು ಸ್ಲಾವಿಂಕಾ. "ಪಕ್ಕದ ಮನೆಯವಳು ಅಂತ ಹಾಕು."

ಪೊಲೀಸಿನವನ ಪೆನ್ನು ನಿಂತಿತು. ಆಗ ಶೆಮ್ಸಾ ಮುಂದೆ ಬಂದಳು. ತಲೆಯ ವಸ್ತ್ರ ಬಿಚ್ಚಿ ಗುಲಿಜಾರಳ ಮೊಣಕೈಗೆ ಸುತ್ತುತ್ತಲೇ ಹೇಳಿದಳು. "ಪಕ್ಕದ ಮನೆಯವಳು ನಾನು. ಪುಸ್ತಕ ಕೊಟ್ಟೋಳೂ ನಾನು. ನನ್ನ ಹೆಸರೂ ಬರ್ಕೋ. ನಂಗೆ ಚೀಟಿ ಇದೆ, ನಂಬರು ಕೊಡ್ತೀನಿ. ಸಾಕ್ಷಿ ಅಂತ ಹಾಕು. ಇವಳು ಹೆತ್ತದ್ದು ನಿಜ. ನಾನು ಹೆತ್ತದ್ದು ಎರ್ಜಾನನ್ನ."

ಅವನು ಒಡೆದ ಗಾಜು ನೋಡಿದ. ರಕ್ತ ನೋಡಿದ. ಬಗ್ಗಿ ಬರೆಯತೊಡಗಿದ. ಬಹಳ ಹೊತ್ತು ಬರೆದ.

"ಇಲ್ಲಿ ಹೆಬ್ಬೆಟ್ಟು ಒತ್ತು" ಎಂದ.

"ತಡಿ. ಓದಿಸ್ಕೊಂಡು ಒತ್ತುತೀನಿ. ಸೆನಾದಾ, ಬಾ ಇಲ್ಲಿ. ಓದು."

ಸೆನಾದಾ ಫೈಲನ್ನು ಕಂಕುಳಲ್ಲಿ ಇಟ್ಟುಕೊಂಡಳು. ಕಣ್ಣು ಕೆಂಪಾಗಿತ್ತು. ಶುಕ್ರವಾರ ಏನಾಗುತ್ತದೋ ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಒಳ್ಳೆಯದೇನೂ ಆಗಲಾರದು ಎಂದು ಅವಳಿಗೆ ಅನಿಸಿತು. ಕಾಗದ ತೆಗೆದುಕೊಂಡಳು. ಮೊದಲ ಸಾಲನ್ನು ತನ್ನಷ್ಟಕ್ಕೇ ಓದಿಕೊಂಡಳು.

"ಜೋರಾಗಿ" ಎಂದಳು ಗುಲಿಜಾರ.

ಸೆನಾದಾ ಜೋರಾಗಿ ಓದಿದಳು. "ಸೆಪ್ಟೆಂಬರ್ ಒಂಬತ್ತರಂದು, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ, ಗುಲಿಜಾರ ಎಂಬ ಹೆಂಗಸು, ಗುರುತಿನ ಚೀಟಿ ಇಲ್ಲ, ಸೆನಾದಾ ಎಂಬ ಹುಡುಗಿಯ ತಾಯಿ..." ನಿಂತಳು. ಉಸಿರು ಎಳೆದುಕೊಂಡಳು. ಸಾಲಿನವರ ಕಡೆ ತಿರುಗಿ, ಅದನ್ನೇ ಮತ್ತೆ ಓದಿದಳು. "ಸೆನಾದಾ ಎಂಬ ಹುಡುಗಿಯ ತಾಯಿ, ಕಚೇರಿಯ ಗಾಜನ್ನು ಬೇಕೆಂದೇ ಒಡೆದಿರುತ್ತಾಳೆ."

ಗುಲಿಜಾರ ಹೆಬ್ಬೆರಳು ಒತ್ತಿದಳು. ರಕ್ತ ಅಂಟಿದ್ದ ಬೆರಳು. ಇಂಕು ಬೇಕಾಗಲಿಲ್ಲ. ಪೊಲೀಸಿನವನು ಕಾಗದ ಮಡಚಲು ಹೋದ.

"ಎಷ್ಟು ಪ್ರತಿ?" ಎಂದಳು ಅವಳು.

"ಮೂರು."

"ಒಂದು ನಮಗೆ ಕೊಡು."

ಅವನು ಹಿಂದೆ ಮುಂದೆ ನೋಡಿ, ಕೆಳಗಿನ ಪ್ರತಿ ಹರಿದು ಕೊಟ್ಟ. ಗುಲಿಜಾರ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಓದಲು ಬಾರದಿದ್ದರೂ ಮೇಲಿಂದ ಕೆಳಗಿನವರೆಗೆ ನೋಡಿದಳು. ಮತ್ತೆ ಅದನ್ನು ಅವನ ಕಡೆಗೇ ಚಾಚಿದಳು.

"ಮುದ್ರೆ ಹಾಕಿಲ್ಲ" ಎಂದಳು.